ಬಿಟ್ಟ ಹೆಸರು

ಪಾದ್ರಿಯ ನಾಲಿಗೆ ಯಾವುದೋ ಹೆಸರಿನ ಮೇಲೆ ಎಡವಿತು, ಸಾವರಿಸಿಕೊಂಡು ಮುಂದೆ ಹೋಯಿತು, ಇವನಿಗೆ ಅವನು ಹುಟ್ಟಿದ, ಅವನಿಗೆ ಮತ್ತೊಬ್ಬ, ಯೇಸುವಿನ ವಂಶಾವಳಿ ಇಷ್ಟುದ್ದವೇ, ಲಿಫ್ಟ್ ಮೆಕ್ಯಾನಿಕ್‌ನ ತೋಳಿನಲ್ಲಿ ಮಗು ಬಿಸಿಯಾಗಿ ಮಿಸುಕಾಡುತ್ತಿದೆ, ದೀಕ್ಷಾಸ್ನಾನದ ಬಿಳಿ ಅಂಗಿ ಅದರ ಕಾಲಿಗಿಂತ ಉದ್ದ, ಪಕ್ಕದಲ್ಲಿ ಹೆಂಡತಿ, ಮುಂದಿನ ಬೆಂಚಿನಲ್ಲಿ ಅತ್ತೆ — ತಿರುಗಬಾರದು, ತಿರುಗಿದರೆ ಕೊನೆಯ ಬೆಂಚಿನಲ್ಲಿ ಅಪ್ಪ ಕಾಣುತ್ತಾನೆ. ಬರಬೇಡ ಅಂತ ಫೋನಿನಲ್ಲಿ ಹೇಳಿಯಾಗಿತ್ತು, ದೂರದಿಂದ ನೋಡಿ ಹೋಗ್ತೀನಿ ಕಣೋ ಅಂದಿದ್ದ, ಜೈಲಿನಿಂದ ಬಂದ ಮೇಲೆ ಆ ದನಿ ಎಷ್ಟು ತೆಳ್ಳಗಾಗಿದೆ. ನಮ್ಮಪ್ಪ ಇಲ್ಲ, ನಾನು ಚಿಕ್ಕವನಿದ್ದಾಗಲೇ ತೀರಿಕೊಂಡ್ರು, ಮದುವೆಗೆ ಮುಂಚೆ ಆಡಿದ ಸುಳ್ಳು ಈಗ ಮನೆಯ ಗೋಡೆಯಷ್ಟೇ ಗಟ್ಟಿ, ಹೆಂಡತಿ ದಿನಾ ಸತ್ತ ಮಾವನ ಆತ್ಮಕ್ಕೆ ಶಾಂತಿ ಬೇಡುತ್ತಾಳೆ, ಅವನು ಕಣ್ಣು ಮುಚ್ಚಿ ಆಮೆನ್ ಅನ್ನುತ್ತಾನೆ. ಸತ್ತವನು ಬೇರೆ, ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವನು, ವರ್ಕ್‌ಶಾಪಿನಲ್ಲಿ, ಮಾತಿಗೆ ಮಾತು ಬೆಳೆದು, ಸುತ್ತಿಗೆ, ಒಂದೇ ಏಟು, ಆಮೇಲೆ ಅಪ್ಪ ಮನೆಗೆ ಬಂದು ನಲ್ಲಿಯ ಕೆಳಗೆ ಕೈ ಹಿಡಿದು ನಿಂತೇ ಇದ್ದ, ಅಮ್ಮ ನಲ್ಲಿ ನಿಲ್ಲಿಸಿದರೂ ಹಿಡಿದೇ ಇದ್ದ — ಮಗುವಿನ ಹೆಬ್ಬೆರಳು ಥೇಟ್ ಅಪ್ಪನದೇ, ಅಪ್ಪಂದಿರ ಪಾಪ ಮೂರನೆಯ ತಲೆಮಾರಿಗೂ ತಟ್ಟುತ್ತದೆ ಅಂತ ಬೈಬಲಿನಲ್ಲಿ ಬರೆದಿದೆಯಲ್ಲ, ಅಪ್ಪ, ತಾನು, ಇದು. ಮೊನ್ನೆ ಅದನ್ನೇ ತೋಡಿಕೊಂಡಾಗ ಪಾದ್ರಿ ಸಮಾಧಾನ ಹೇಳಲಿಲ್ಲ, ದಾವೀದ ರಾಜ ತನ್ನ ಸೈನಿಕ ಊರೀಯನನ್ನ ಕೊಲ್ಲಿಸಿ ಅವನ ಹೆಂಡತೀನ ತಂದ, ಅವಳೂ ಯೇಸುವಿನ ವಂಶದಲ್ಲಿದಾಳೆ, ಬರೆದವರು ಮುಚ್ಚಿಡಲಿಲ್ಲ, ಸತ್ತವನ ಹೆಸರನ್ನೂ ಸೇರಿಸೇ ಬರೆದ್ರು, ತೊಳೆದಿಟ್ಟ ಮನೆತನ ಹುಡುಕ್ಕೊಂಡು ಹುಟ್ಟಲಿಲ್ಲಪ್ಪ ಯೇಸು. ಈಗ ಓದಿನಲ್ಲಿ ಆ ಹೆಸರು ಬಂತು, ಊರೀಯನ ಹೆಂಡತಿ, ಪಾದ್ರಿ ತಲೆಯೆತ್ತಲಿಲ್ಲ, ಓದು ನಿಲ್ಲಲೂ ಇಲ್ಲ, ಕೊಲೆಯನ್ನು ದಾಟಿ ಹೆಸರುಗಳು ಮರಿಯಳ ಮಡಿಲಿನವರೆಗೂ ನಡೆದೇ ಹೋದವು.

ಮಗೂನ ಮುಂದೆ ತನ್ನಿ, ಅಂದ ಪಾದ್ರಿ. ಅವನು ಕದಲುತ್ತಿಲ್ಲ, ಅತ್ತೆ ತಿರುಗಿ ನೋಡುತ್ತಾಳೆ, ಹೆಂಡತಿ ಮೊಣಕೈಯಿಂದ ತಿವಿದು ಏನಾಯ್ತುರೀ ಅನ್ನುತ್ತಾಳೆ, ಮಾತು ಹೊರಬಿತ್ತು — ನಮ್ಮಪ್ಪ ಸತ್ತಿಲ್ಲ, ಹಿಂದೆ ಕೂತಿದಾರೆ, ಒಬ್ಬನ್ನ ಕೊಂದು ಜೈಲಲ್ಲಿದ್ರು. ಹೆಂಡತಿಯ ಮುಖ ಬಿಳುಚಿತು, ಅವನು ಕಾಯಲಿಲ್ಲ, ದೀಕ್ಷಾಸ್ನಾನದ ಬೋಗುಣಿಯ ಕಡೆಗಲ್ಲ, ಹಿಂದಕ್ಕೆ ನಡೆದ, ತಲೆಗಳು ಒಂದೊಂದಾಗಿ ತಿರುಗುತ್ತಿವೆ, ಅಪ್ಪ ಗೋಡೆಗೆ ಸರಿದು ಕೈಗಳನ್ನು ತೊಡೆಯ ಕೆಳಗೆ ಅಡಗಿಸಿಕೊಂಡ, ಬೇಡ ಕಣೋ, ಈ ಕೈಗೆ ಬೇಡ. ಎತ್ಕೊಳಪ್ಪ, ನಿನ್ನ ಮೊಮ್ಮಗ. ಬೆನ್ನ ಹಿಂದೆ ಹೆಂಡತಿಯ ಹೆಜ್ಜೆಯ ಸದ್ದು, ಕಸಿದುಕೊಳ್ಳುತ್ತಾಳೆ, ಈಗ ಕಸಿದುಕೊಳ್ಳುತ್ತಾಳೆ, ಅವಳು ಪಕ್ಕಕ್ಕೆ ಬಂದಳು, ಗಂಡನ ಮುಖ ನೋಡಲಿಲ್ಲ, ಮಾವನಿಗೆ ಹೇಳಿದ ದನಿ ಕಲ್ಲಿನ ಹಾಗಿತ್ತು, ತಲೆ ಹಿಡ್ಕೊಳ್ಳಿ, ಕುತ್ತಿಗೆ ಇನ್ನೂ ನಿಂತಿಲ್ಲ. ಅಪ್ಪನ ಕೈಗಳು ಹೊರಗೆ ಬಂದಿವೆ, ಮಗು ಅವುಗಳ ಮೇಲಿದೆ, ಬೆರಳುಗಳು ಮಾತ್ರ ಮಡಚಿಕೊಳ್ಳುತ್ತಿಲ್ಲ, ಆ ಪುಟ್ಟ ತಲೆಯ ಕೆಳಗೆ, ಮುಟ್ಟಲು ಹೆದರಿ, ಬಿಚ್ಚಿದ ಬೆರಳು, ಬಿಚ್ಚಿದ ಹಾಗೇ —