ಇದೆ ಎಂದವನ ದೋಣಿ

ಮನೆಯಾಬದ ಸೂರು ತಗ್ಗು. ಯಾರೇ ಆಗಲಿ, ತಲೆ ಬಾಗಿಸಿಯೇ ಒಳಗೆ ಬರಬೇಕು. ಊರಿನ ಸಭೆ, ಮದುವೆ, ಜಗಳದ ತೀರ್ಮಾನ ಎಲ್ಲವೂ ನಡೆಯುವ ಆ ದೊಡ್ಡ ಚಾವಡಿಯಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಜಾಗ ಗೊತ್ತು. ಅಜ್ಜ ಕೂತಲ್ಲೇ ಮೊಮ್ಮಗ ಕೂರುತ್ತಾನೆ. ಮಧ್ಯಾಹ್ನದ ಹೊತ್ತು ಅಲ್ಲಿ ಇಂಗ್ಲಿಷ್ ಪಾಠ ಮಾಡಲು ಹಿರಿಯರ ಅಪ್ಪಣೆ ಪಡೆದಾಗ ಶಾಲೆಯ ಟೀಚರ್ ತೀಬಿಗೆ ಇದ್ದ ಚಿಂತೆ ಒಂದೇ. ಆಸ್ಟ್ರೇಲಿಯದ ಹಣ್ಣಿನ ತೋಟಗಳಿಗೆ ಆಳು ಆರಿಸುವವರು ಬರುವ ಮೊದಲು ಈ ಗಂಡಸರ ಬಾಯಿಂದ ನಾಲ್ಕು ವಾಕ್ಯ ನೆಟ್ಟಗೆ ಹೊರಡಬೇಕು.

ಹೊರಡುತ್ತಿರಲಿಲ್ಲ. ಕಿರಿಬಾಸ್ ದ್ವೀಪಗಳ ಮಾತಿನಲ್ಲಿ ‘ನನ್ನ ಚಾಕು ಇದೆ’ ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ದಾರಿ. ‘ಐ ಹ್ಯಾವ್’ ಎನ್ನಬಹುದು, ‘ಐ ಹ್ಯಾವ್ ಗಾಟ್’ ಎನ್ನಬಹುದು. ಅರ್ಥ ಒಂದೇ. ಆದರೆ ‘ಡೂ ಯು ಹ್ಯಾವ್’ ಎಂದು ಕೇಳಿದವರಿಗೆ ‘ಐ ಡೂ’ ಎನ್ನಬೇಕು, ‘ಹ್ಯಾವ್ ಯು ಗಾಟ್’ ಎಂದವರಿಗೆ ‘ಐ ಹ್ಯಾವ್’ ಎನ್ನಬೇಕು.

“ಇರೋದು ಒಂದೇ ಚಾಕು. ಅದನ್ನ ಹೇಳೋಕೆ ಎರಡೆರಡು ಮಾತು ಯಾಕೆ ಟೀಚರಕ್ಕ?” ಎಂದ ಬರಾನಿಕೊ. ಊರಲ್ಲಿ ಯಾರನ್ನೂ ನೆಟ್ಟಗೆ ಮಾತಾಡಲು ಬಿಡದವನು ಅವನೇ.

“ಅವರ ಹತ್ರ ಎಲ್ಲಾನೂ ಎರಡೆರಡು ಇರುತ್ತೆ ಕಣೋ. ಚಾಕೂನೂ ಎರಡು, ಮಾತೂ ಎರಡು,” ಎಂದ ಪಕ್ಕದಲ್ಲಿದ್ದ ತೆಬಾನೊ.

ತೀಬಿ ನಗಲಿಲ್ಲ. ಅವಳನ್ನು ಕಾಡುತ್ತಿದ್ದುದು ಬೇರೆ. ಏನು ಕೇಳಿದರೂ ಇವರೆಲ್ಲ ‘ನೋ’ ಎನ್ನುತ್ತಿದ್ದರು. ಸೊಂಟದಲ್ಲಿ ಚಾಕು ತೂಗುತ್ತಿದ್ದ ತೆಬಾನೊ ತನ್ನಲ್ಲಿ ಚಾಕುವಿಲ್ಲ ಎಂದ. ಟಾರ್ಚನ್ನು ತೊಡೆಯ ಕೆಳಗೆ ಸರಿಸಿಕೊಂಡ ಬರಾನಿಕೊ ಟಾರ್ಚಿಲ್ಲ ಎಂದ. ವಾಕ್ಯ ಸರಿ, ಉತ್ತರ ಸುಳ್ಳು. ಪಾಠ ತಲೆಗೆ ಹೋಗುತ್ತಿಲ್ಲ ಎಂದೇ ಅವಳು ತಿಳಿದಳು.

ಅವಳು ಬೆಳೆದದ್ದು ಬಂದರು ಪಟ್ಟಣ ಬೆಸಿಯೋದಲ್ಲಿ. ಬುಬುಸಿ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಒಬ್ಬರು ಬಾಯಿಬಿಟ್ಟು ಒಂದು ವಸ್ತುವನ್ನು ಕೇಳಿದರೆ, ಇದ್ದವರು ಇಲ್ಲವೆನ್ನದೆ ಕೊಡಬೇಕು. ಕೊಡದಿದ್ದರೆ ಮನೆತನಕ್ಕೇ ನಾಚಿಕೆ. ಪಟ್ಟಣದಲ್ಲಿ ಜನ ಹೊಸ ವಸ್ತು ತಂದರೆ ಅಡಗಿಸಿಡುವುದು ಕಲಿತಿದ್ದರು. ಕೇಳುವುದೂ ಕಡಿಮೆಯಾಗಿತ್ತು. ಹೀಗಾಗಿ, ಪಾಠದ ಹಾಳೆಯಲ್ಲಿ ‘ಹ್ಯಾವ್ ಯು ಗಾಟ್’ ಆದ ಮೇಲೆ ಬರುವ ಮೂರನೆಯ ಸಾಲು ‘ಕ್ಯಾನ್ ಐ ಹ್ಯಾವ್ ಇಟ್, ಪ್ಲೀಸ್’ ಎಂಬುದು ಇಲ್ಲಿ ಕೂತವರ ಕಿವಿಗೆ ಹೇಗೆ ಬೀಳುತ್ತದೆ ಎಂದು ಅವಳು ಯೋಚಿಸಿರಲಿಲ್ಲ.

“ಒಬ್ಬರಾದ್ರೂ ‘ಯೆಸ್’ ಅನ್ನಿಪ್ಪಾ! ಅಲ್ಲಿ ಕೇಳಿದ್ದಕ್ಕೆಲ್ಲ ‘ನೋ’ ಅಂದ್ರೆ ಮನೆಗೆ ಕಳಿಸ್ತಾರೆ,” ಎಂದು ರೇಗಿ ಮುಂದಿನ ಜಾಗದತ್ತ ತಿರುಗಿದಳು.

ಅಲ್ಲಿ ಕಾಯೇಯ ಕೂತಿದ್ದ. ದೋಣಿ ಕಟ್ಟುವವನು. ತೋಟದ ಕೆಲಸಕ್ಕೆ ಹೋಗುವ ವಯಸ್ಸು ಅವನಿಗೆ ಎಂದೋ ದಾಟಿತ್ತು. ಮಧ್ಯಾಹ್ನ ತನ್ನ ಮನೆತನದ ಜಾಗದಲ್ಲಿ ಕೂತು ತೆಂಗಿನ ನಾರಿನ ಹುರಿ ಹೊಸೆಯುವುದು ಅವನ ರೂಢಿ. ಪಾಠ ತಾನಾಗಿ ಅಲ್ಲಿಗೆ ಬಂದಿತ್ತು, ಅವನೂ ಕಲಿಯುತ್ತಿದ್ದ. ಹಾಳೆಯಲ್ಲಿ ಮುಂದಿನ ಪ್ರಶ್ನೆ ಕಾರಿನದು. ಊರಲ್ಲಿ ಕಾರಿಲ್ಲ. ಅದಕ್ಕೆ ತೀಬಿ ಅಲ್ಲಿ ದೋಣಿ ಎಂದು ತಾನೇ ತಿದ್ದಿಕೊಂಡಿದ್ದಳು.

“ಹ್ಯಾವ್ ಯು ಗಾಟ್ ಅ ದೋಣಿ?”

ಕಾಯೇಯ ಹುರಿ ಕೆಳಗಿಟ್ಟ. ಅವನ ಬೆನ್ನಿಗಿದ್ದ ಕಂಬಕ್ಕೆ ಅವನ ಅಪ್ಪ, ಅವರಪ್ಪ ಒರಗಿ ಕೂತಿದ್ದವರು. ಆ ಜಾಗದಲ್ಲಿ ಕೂತು ಇದ್ದದ್ದನ್ನು ಇಲ್ಲವೆಂದವರಿಲ್ಲ.

“ಯೆಸ್,” ಎಂದ. “ಐ ಹ್ಯಾವ್.”

ಸರಿಯುತ್ತರ! ಆ ಖುಷಿಯಲ್ಲಿ ತೀಬಿಯ ಬಾಯಿ ಹಾಳೆಯ ಮುಂದಿನ ಸಾಲನ್ನು ಓದಿಬಿಟ್ಟಿತು. “ಕ್ಯಾನ್ ಐ ಹ್ಯಾವ್ ಇಟ್, ಪ್ಲೀಸ್?”

ಬರಾನಿಕೊನ ನಗು ಅರ್ಧಕ್ಕೇ ನಿಂತಿತು. ಮೂಲೆಯಲ್ಲಿ ತೂಕಡಿಸುತ್ತಿದ್ದ ಹಿರಿಯರೊಬ್ಬರು ಕಣ್ಣು ಬಿಟ್ಟರು. ಎಲ್ಲರೂ ಯಾಕೆ ‘ನೋ’ ಎನ್ನುತ್ತಿದ್ದರು ಎಂಬುದು ತೀಬಿಗೆ ಆಗ ಹೊಳೆಯಿತು.

“ಯೆಸ್,” ಎಂದ ಕಾಯೇಯ. ಸ್ವಲ್ಪ ಹುಡುಕಿ, ಕಲಿತದ್ದರಲ್ಲಿ ಸಿಕ್ಕ ಮಾತನ್ನು ಜೋಡಿಸಿದ. “ಯು ಹ್ಯಾವ್ ಗಾಟ್ ಇಟ್.” ಮತ್ತೆ ಹುರಿ ಎತ್ತಿಕೊಂಡ.

ಪಾಠ ಮುಗಿಯುವಷ್ಟರಲ್ಲಿ ಅವನ ತಮ್ಮನ ಮಕ್ಕಳು ದೋಣಿಯನ್ನು ಹೊತ್ತು ತಂದು ತೀಬಿಯ ಮನೆಯ ಮುಂದಿನ ಹಲಸಿನ ಜಾತಿಯ ಮರದ ನೆರಳಲ್ಲಿ ಇಟ್ಟಿದ್ದರು. ಹಾಯಿಪಟವನ್ನು ಮಡಿಸಿ ಒಳಗಿಟ್ಟಿದ್ದರು. ಒಂದೂ ಮೊಳೆಯಿಲ್ಲದ ದೋಣಿ. ಹಲಗೆ ಹಲಗೆಗೆ ಹುರಿಯ ಹೊಲಿಗೆ. ಒಂದು ಪಕ್ಕಕ್ಕೆ ಚಾಚಿದ ತೋಳುಗಳ ತುದಿಯಲ್ಲಿ, ದೋಣಿ ಮಗುಚದಂತೆ ಹಿಡಿಯುವ ತೇಲುಮರ. ಕಾಯೇಯನ ಕಣ್ಣು ಮಂಜಾಗುತ್ತಿತ್ತು. ಇನ್ನೊಂದು ಕಟ್ಟಲಾರೆ ಎಂದು ಅವನು ಹೇಳಿದ್ದು ಊರಿಗೆಲ್ಲ ಗೊತ್ತಿತ್ತು. ಅವನ ಮನೆಯ ಮೀನು ಬರುತ್ತಿದ್ದುದೂ ಇದರಿಂದಲೇ.

ತೀಬಿ ಅವನ ಮನೆಗೆ ಓಡಿದಳು. ಅವನ ಹೆಂಡತಿ ರೊಟೀನ ಚಾಪೆಯ ಮೇಲೆ ಕೂತು ಗರಿ ಸೀಳುತ್ತಿದ್ದಳು. ಸುದ್ದಿ ಆಗಲೇ ತಲುಪಿತ್ತು.

“ಬಾ ಮಗಳೇ. ಹೆಂಗೆ ಕೊಟ್ಟ? ತಡ ಮಾಡ್ಲಿಲ್ಲ ತಾನೆ?”

“ಇಲ್ಲ ಅಜ್ಜಿ...”

“ಮುಖ ಸಣ್ಣ ಮಾಡ್ಕೊಂಡ್ನಾ?”

“ಇಲ್ಲ.”

“ಸದ್ಯ!” ರೊಟೀನಳ ಮುಖ ಅರಳಿತು. “ವಯಸ್ಸಾದ ಮೇಲೆ ಗಂಡಸರ ಕೈ ಗಟ್ಟಿಯಾಗುತ್ತೆ ಅಂತಾರೆ.”

“ಅಜ್ಜಿ, ಅದು ಪಾಠ! ನಾನು ನಿಜವಾಗ್ಲೂ ಕೇಳಿದ್ದಲ್ಲ. ದೋಣಿ ವಾಪಸ್ ತಗೊಳ್ಳಿ ಅಂತ ನೀವೇ ಹೇಳಿ.”

ರೊಟೀನ ಗರಿ ಸೀಳುವುದು ನಿಲ್ಲಿಸಿದಳು. “ಆ ಮಾತು ಇಲ್ಲಿಗೇ ಬಿಡು. ಅವನ ಕಿವಿಗೆ ಬಿದ್ರೆ ಊಟ ಬಿಡ್ತಾನೆ. ನೀನು ಕೇಳ್ದೆ, ಅವನು ಕೊಟ್ಟ. ಈಗ ತಿರುಗಿಸಿಕೊಟ್ರೆ, ನಿನ್ನ ದೋಣಿ ನಂಗೆ ಬೇಡ ಹೋಗು ಅಂದ ಹಾಗೆ.”

“ಅವರೇ ನನ್ನನ್ನ ಕೇಳಿದ್ರೆ?”

“ಕೇಳಬಹುದು. ಕೇಳಿದ್ರೆ ನೀನು ಕೊಡಲೇಬೇಕು,” ಎಂದಳು ರೊಟೀನ. “ಕೇಳ್ತಾನಾ ಅನ್ನೋದು ನಂಗೂ ನೋಡ್ಬೇಕು.”

ಮರುದಿನ ಬೆಳಿಗ್ಗೆ ಕಾಯೇಯ ಸೊಂಟಮಟ್ಟದ ನೀರಿನಲ್ಲಿ ನಿಂತು ಬಲೆ ಬೀಸುತ್ತಿದ್ದ. ತೀಬಿ ಶಾಲೆಗೆ ಹೋಗುವ ದಾರಿಯಿಂದ ನೋಡಿದಳು. ಬಲೆಯಲ್ಲಿ ಬೆರಳುದ್ದದ ಮೀನುಗಳು. ಮರದ ಕೆಳಗಿನ ದೋಣಿಯ ಮೇಲೆ ಬಿಸಿಲು ಸರಿಯುತ್ತಿತ್ತು. ನೀರು ಕಾಣದ ಹಲಗೆ ಒಣಗಿ ಬಿರಿಯುತ್ತದೆ.

ಅಂದು ಮಧ್ಯಾಹ್ನ ಮನೆಯಾಬ ತುಂಬಿತ್ತು. ಇಂಗ್ಲಿಷಿನ ಗೊಡವೆಯೇ ಇಲ್ಲದವರೂ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದರು.

“ಇವತ್ತು ತಿರುಗುಮುರುಗು. ನಿನ್ನೆ ಉತ್ತರ ಹೇಳಿದವರು ಇವತ್ತು ಕೇಳಬೇಕು. ನಾನು ಹೇಳ್ತೀನಿ,” ಎಂದಳು ತೀಬಿ. “ಕಾಯೇಯಜ್ಜ, ನೀವೇ ಶುರು ಮಾಡಿ. ನನ್ನ ಹತ್ರ ಇರೋದು ಏನು ಬೇಕಾದ್ರೂ ಕೇಳಬಹುದು.”

ಅವಳ ಲೆಕ್ಕಾಚಾರ ಎಲ್ಲರಿಗೂ ಅರ್ಥವಾಯಿತು. ಬರಾನಿಕೊ ಕೂಡ ತುಟಿ ಬಿಗಿಹಿಡಿದ.

ತಗ್ಗಾದ ಸೂರಿನ ಅಡಿಯಿಂದ ಹೊರಗೆ ತೀಬಿಯ ಮನೆಯ ಮುಂದಿನ ಮರ ಕಾಣುತ್ತಿತ್ತು. ಮರದಡಿ ದೋಣಿ. ಕಾಯೇಯ ಅದನ್ನು ನೋಡಿದ. ನೋಡುವುದಕ್ಕೆ ಅವಸರ ಮಾಡಲಿಲ್ಲ. ಆಮೇಲೆ ಅವಳತ್ತ ತಿರುಗಿದ.

“ಹ್ಯಾವ್ ಯು ಗಾಟ್...” ಎಂದು ನಿಲ್ಲಿಸಿದ. “...ಅ ಪೆನ್ಸಿಲ್?”

ತೀಬಿ ಪೆನ್ಸಿಲ್ ಎತ್ತಿ ತೋರಿಸಿದಳು. “ಯೆಸ್. ಐ ಹ್ಯಾವ್.”

“ಕ್ಯಾನ್ ಐ ಹ್ಯಾವ್ ಇಟ್, ಪ್ಲೀಸ್?”

ಕೈಯಲ್ಲಿದ್ದ ಮೋಟು ಪೆನ್ಸಿಲನ್ನು ಅವಳು ಕೊಟ್ಟಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, ತುದಿ ನೋಡಿ, ಕಿವಿಗೆ ಸಿಕ್ಕಿಸಿಕೊಂಡ. ಯಾರೂ ನಗಲಿಲ್ಲ. ಹಿರಿಯರೊಬ್ಬರು ಗಂಟಲಲ್ಲೇ ಹೂಂಗುಟ್ಟಿದರು. ಕೊಟ್ಟ ದೋಣಿಯನ್ನು ಪಾಠದ ನೆಪದಲ್ಲಿ ಹಿಂದಕ್ಕೆಳೆಯಲು ಅವಳು ಬಾಗಿಲು ತೆರೆದಿಟ್ಟಿದ್ದಳು. ಅವನು ಆ ಬಾಗಿಲನ್ನು ಅವಳಿಗೆ ನೋವಾಗದ ಹಾಗೆ ಮುಚ್ಚಿದ್ದ.

ಅವಳು ಹಾಳೆಯನ್ನು ಮಡಿಸಿಟ್ಟಳು. ಅವನೆದುರು ಚಾಪೆಯ ಮೇಲೆ ಕೂತಳು. ಇಂಗ್ಲಿಷ್ ಬಿಟ್ಟು ತಮ್ಮ ಮಾತಿನಲ್ಲೇ ಹೇಳಿದಳು.

“ಅಜ್ಜ, ನನ್ನ ದೋಣಿ ಇದೆ. ತುಂಬಾ ಒಳ್ಳೇ ದೋಣಿ. ನಂಗೆ ನಡೆಸೋಕೆ ಬರಲ್ಲ, ಕಾಪಾಡೋಕೂ ಬರಲ್ಲ. ಈ ಸಲ ಗೊತ್ತಿದ್ದೇ ಕೇಳ್ತಿದ್ದೀನಿ, ಇದು ಬುಬುಸಿ. ನಿಮ್ಮ ಕೈ ಕೊಡಿ. ನೀವಿರೋ ತನಕ ನನ್ನ ದೋಣಿ ನೀವೇ ನಡೆಸಬೇಕು. ಅದರಲ್ಲಿ ಬಂದ ಮೀನು ಅಜ್ಜಿ ಒಲೆ ಮೇಲೇ ಬೇಯಬೇಕು. ನನ್ನೂ ಊಟಕ್ಕೆ ಕರೀಬೇಕು.”

“ಅಬ್ಬಾ! ದೋಣಿ ಸಾಲ್ದು ಅಂತ ದೋಣಿಯವನನ್ನೂ ಕೇಳಿದ್ಲಲ್ಲೋ!” ಎಂದ ಬರಾನಿಕೊ.

“ಸುಮ್ನಿರೋ. ಹುಡುಗಿ ಕೇಳೋದು ಕಲಿತಳು,” ಎಂದರು ಮೂಲೆಯ ಹಿರಿಯರು.

ಕಾಯೇಯ ತನ್ನ ಅಂಗೈಗಳನ್ನು ಮಗುಚಿ ನೋಡಿಕೊಂಡ. ಹುರಿ ಹೊಸೆದು ಹೊಸೆದು ಗೆರೆಗಳು ಅಳಿದ ಕೈ.

“ಹಳೇ ಕೈ ಮಗಳೇ. ಆದ್ರೂ ಇದೆ,” ಎಂದ. “ತಗೋ.”

ಮಾರನೆಯ ಬೆಳಿಗ್ಗೆ ಉಬ್ಬರದ ನೀರಿಗೆ ಅವರು ದೋಣಿಯಿಳಿಸಿದರು. ಒಡತಿ ಒಮ್ಮೆಯಾದರೂ ಏರಬೇಕೆಂದು ರೊಟೀನ ಹಟ ಹಿಡಿದಿದ್ದಳು. ಹಲಗೆಗಳು ಮೊದಲು ಸ್ವಲ್ಪ ನೀರು ಕುಡಿದು, ಆಮೇಲೆ ಉಬ್ಬಿ ಬಿಗಿಯಾದವು. ಪಟಕ್ಕೆ ಗಾಳಿ ಸಿಕ್ಕಿತು. ತೀಬಿ ಹುಟ್ಟಿದ್ದು ಬೆಳೆದದ್ದು ಈ ಕಡಲಿನ ಅಂಚಿನಲ್ಲೇ; ಆದರೂ ಅದು ಹೀಗೆ ಕಾಲಡಿಯಲ್ಲಿ ಓಡುವುದನ್ನು ಎಂದೂ ಕಂಡಿರಲಿಲ್ಲ. ತೇಲುಮರ ನೀರು ಬಿಟ್ಟು ಮೇಲೆದ್ದಿತು. ದೋಣಿ ಒಂದೇ ಅಲಗಿನ ಮೇಲೆ ಸಿಳ್ಳೆ ಹಾಕುತ್ತ ಹರಿಯಿತು. ಕೆಳಗೆ ಹವಳದ ಬಯಲು ಹಸಿರಿನಿಂದ ನೀಲಿಗೆ, ನೀಲಿಯಿಂದ ಕಪ್ಪಿಗೆ ತಿರುಗಿತು. ಮಂಜುಗಣ್ಣಿನ ಮುದುಕ ಕೆನ್ನೆಗೆ ತಾಗುವ ಗಾಳಿಯನ್ನೇ ನಂಬಿ ಚುಕ್ಕಾಣಿ ಹಿಡಿದಿದ್ದ.

ಹಿಂತಿರುಗುವ ಹೊತ್ತಿಗೆ ಅವನು ದೋಣಿಯನ್ನು ತಿರುಗಿಸಲಿಲ್ಲ. ಪಟದ ಬುಡವನ್ನು ಎತ್ತಿ ಈ ತುದಿಯಿಂದ ಆ ತುದಿಗೆ ಒಯ್ದು ಕಟ್ಟಿದ. ಹಿಂದಿದ್ದದ್ದು ಮುಂದಾಯಿತು. ಅವಳು ಕೂತಲ್ಲೇ ಕೂತಿದ್ದಳು. ದ್ವೀಪ ಈಗ ದೋಣಿಯ ಎದುರಿಗಿತ್ತು.

“ಟೀಚರಮ್ಮ,” ಎಂದು ಅವನು ಗಾಳಿಯ ಸದ್ದನ್ನು ಮೀರಿ ಕೂಗಿದ. “ಆಳು ಆರಿಸೋಕೆ ಬಂದವರು ನನ್ನನ್ನೂ ದೋಣಿ ಇದೆಯಾ ಅಂತ ಕೇಳಿದ್ರೆ ಏನ್ ಹೇಳ್ಲಿ?”

ತೇಲುಮರ ಮತ್ತೆ ಏಳುತ್ತಿತ್ತು. ತೀಬಿ ಎರಡೂ ಕೈಯಲ್ಲಿ ಅಡ್ಡತೋಳನ್ನು ಹಿಡಿದು ಅದನ್ನೇ ನೋಡುತ್ತಿದ್ದಳು.

“ಇರ್ಲಿ ಬಿಡು,” ಎಂದ ಕಾಯೇಯ, ಕಿವಿಯ ಮೇಲೆ ಕೈಯಾಡಿಸಿ. “ಪೆನ್ಸಿಲ್ ಇದೆ ಅಂತೀನಿ.”