ಶರಣವ್ವ ಹಾಕಿದ ಮದ್ದು

ಅನುಮಾನ ಪಡುವುದರಲ್ಲಿ ನನ್ನನ್ನು ಮೀರಿಸುವವರು ಅಲ್ಲಾಳಸಂದ್ರದಲ್ಲಿ ಇನ್ನೂ ಹುಟ್ಟಿಲ್ಲ. ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ ನೋಡದೆ ಒಳಗೆ ಬಿಟ್ಟವಳಲ್ಲ, ಖಾಲಿ ಮಾಡುವ ಬಾಡಿಗೆಯವರ ಚೀಲದಲ್ಲಿ ನಮ್ಮ ಬಲ್ಬ್ ಇದೆಯೇ ಎಂದು ಇಣುಕದೆ ಕಳಿಸಿದವಳಲ್ಲ. ಹಾಗಾಗಿ ಕೊಪ್ಪಳದ ಕಡೆಯ ಶರಣವ್ವ ಅಡುಗೆ ಕೆಲಸಕ್ಕೆ ಬಂದ ದಿನವೇ ಅವಳ ಕೈ ನೋಡಿದೆ. ಒರಟು ಬೆರಳು, ಉಗುರಿನ ಸುತ್ತ ಬಿರುಕು. ಮೆಡಿಕಲ್ ಶಾಪಿನಿಂದ ಒಂದು ಡಬ್ಬಿ ರಬ್ಬರ್ ಗ್ಲೌಸ್ ತರಿಸಿ, ಇದಿಲ್ಲದೆ ನನ್ನ ಅಡುಗೆಮನೆಯಲ್ಲಿ ಏನನ್ನೂ ಮುಟ್ಟಕೂಡದು ಎಂದೆ.

ಹದಿನೈದು ದಿನ ಕಳೆಯುವುದರೊಳಗೆ ಊಟವಾದ ಮೇಲೆ ನನ್ನ ತುಟಿ ನವೆಯತೊಡಗಿತು. ಕೋಸಂಬರಿ ತಿಂದ ದಿನವಂತೂ ಊದಿಕೊಂಡು, ಕನ್ನಡಿಯಲ್ಲಿ ನನ್ನ ಮುಖ ನನಗೇ ಗುರುತು ಸಿಗಲಿಲ್ಲ. ಮಗ ಮಹೇಂದ್ರನಿಗೂ ಸೊಸೆಗೂ ಏನೂ ಆಗುತ್ತಿರಲಿಲ್ಲ. ಶರಣವ್ವ ರಜೆ ಹಾಕಿದ ದಿನ ನನಗೂ ಏನೂ ಆಗುತ್ತಿರಲಿಲ್ಲ. ಇನ್ನೇನು ಸಾಕ್ಷಿ ಬೇಕು? ನನಗೊಬ್ಬಳಿಗೇ ಅವಳು ಮದ್ದು ಹಾಕುತ್ತಿದ್ದಾಳೆ. ಆಗದವರು ಅನ್ನದಲ್ಲಿ ಕಲಸಿ ಕೊಡುತ್ತಾರೆ, ತಿಂದವರು ಸೊರಗಿ ಸೊರಗಿ ಸಾಯುತ್ತಾರೆ, ಇಲ್ಲವೇ ಹಾಕಿದವರು ಆಡಿಸಿದಂತೆ ಆಡುತ್ತಾರೆ ಎಂದು ಅತ್ತೆಯ ಕಾಲದಿಂದ ಕೇಳಿಕೊಂಡು ಬಂದವಳು ನಾನು.

ಒಂದು ದಿನ ನನ್ನ ತಟ್ಟೆಯನ್ನೇ ಅವಳ ಮುಂದಿಟ್ಟು ತಿನ್ನಿಸಿದೆ. ಕೋಸಂಬರಿಯನ್ನು ನೆಮ್ಮದಿಯಾಗಿ ತಿಂದಳು. ಪ್ರತಿಮದ್ದು ತಿಂದುಕೊಂಡೇ ಬಂದಿದ್ದಾಳೆ ಎಂದುಕೊಂಡೆ.

“ಏನ್ ಹಾಕಿದ್ದೀಯೇ ಇದ್ರಲ್ಲಿ?”

“ಉಪ್ಪು, ನಿಂಬಿಹಣ್ಣು ಹಾಕೀನ್ರಿ ಅಮ್ಮಾರ,” ಎಂದು ಗ್ಲೌಸಿನ ಕೈಗಳನ್ನು ಸೆರಗಿನೊಳಗೆ ಸರಿಸಿದಳು.

ನನಗೆ ಅಷ್ಟು ಸಾಕಾಯಿತು. ಕೆಲಸ ಬಿಡಿಸಿದೆ. ಎದುರುಮನೆಯ ರಮಾಗೆ ಹೇಳಿದೆ, ಬೀದಿಯಲ್ಲಿ ಕೇಳದವರಿಗೂ ಹೇಳಿದೆ. ವಾರದೊಳಗೆ ಅವಳು ಅಡುಗೆ ಮಾಡುತ್ತಿದ್ದ ಉಳಿದ ಮೂರು ಮನೆಗಳೂ ಕೈಬಿಟ್ಟು ಹೋದವು.

ಆಮೇಲೆ ಯಾರನ್ನೂ ನಂಬದೆ ನಾನೇ ಒಲೆಯ ಮುಂದೆ ನಿಂತೆ. ಬಾಳೆಕಾಯಿ ಹೆಚ್ಚಿದರೆ ಕೈ ಕಪ್ಪಾಗುತ್ತದೆಂದು ಉಳಿದಿದ್ದ ಗ್ಲೌಸ್ ಹಾಕಿಕೊಂಡೆ. ಅರ್ಧ ಗಂಟೆಯಲ್ಲಿ ಮೊಣಕೈವರೆಗೆ ದದ್ದು ಎದ್ದು ಉಸಿರು ಸಿಕ್ಕಿಕೊಂಡಿತು. ಮಹೇಂದ್ರ ಕಾರಿನಲ್ಲಿ ಹೆಬ್ಬಾಳದ ಆಸ್ಪತ್ರೆಗೆ ಕರೆದೊಯ್ದ. ದೂರೋಣವೆಂದರೆ ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೆ.

ಡಾಕ್ಟರ್ ಗಜಾಲಾ ಇಂಜೆಕ್ಷನ್ ಕೊಟ್ಟು, ಉಸಿರು ಸರಿಹೋದ ಮೇಲೆ ವಿಚಾರಿಸಿದರು. ಬಲೂನ್ ಊದಿದರೆ ತುಟಿ ನವೆಯುತ್ತದೆಯೇ, ಹಲ್ಲು ತೋರಿಸಲು ಹೋದಾಗ ಬಾಯಿ ಊದಿತ್ತೇ, ಬಾಳೆಹಣ್ಣು ತಿಂದರೆ ಗಂಟಲು ಕೆರೆಯುತ್ತದೆಯೇ. ಎಲ್ಲದಕ್ಕೂ ಹೌದು ಎನ್ನಬೇಕಾಯಿತು. ಆ ಹಲ್ಲಿನ ಡಾಕ್ಟರನ್ನೂ ನಾನು ಬೈದು ಬಂದಿದ್ದೆ. ರಕ್ತಪರೀಕ್ಷೆಯ ರಿಪೋರ್ಟ್ ಬಂದಾಗ ಮತ್ತೆ ಕರೆಸಿದರು.

“ಲ್ಯಾಟೆಕ್ಸ್ ಅಲರ್ಜಿ ಅಮ್ಮಾ. ರಬ್ಬರ್ ಹಾಲಿನ ಅಂಶ ಗ್ಲೌಸಿಂದ ತರಕಾರಿಗೆ ಅಂಟುತ್ತೆ, ನಿಮಗೆ ಅಷ್ಟೇ ಸಾಕು. ಬೇಕಿದ್ರೆ ಆ ಹಾಲಿಲ್ಲದ ನೈಟ್ರೈಲ್ ಗ್ಲೌಸ್ ತರ್ಸಿ. ಯಾವ ಆಸ್ಪತ್ರೆಗೆ ಹೋದ್ರೂ ಅವರು ಮುಟ್ಟೋಕ್ ಮುಂಚೆನೇ ಇದನ್ನ ಹೇಳ್ಬೇಕು. ಮನೆಗೆ ಈ ಗ್ಲೌಸ್ ತಂದಿದ್ ಯಾರು?”

“ನಾನೇ.”

ಮರುದಿನ ತಣಿಸಂದ್ರದಲ್ಲಿ ಶರಣವ್ವನ ಕೋಣೆ ಹುಡುಕಿಕೊಂಡು ಹೋದೆ. ಬಾಗಿಲಲ್ಲೇ ನಿಂತು ಡಾಕ್ಟರ್ ಅಂದದ್ದನ್ನು ಒಪ್ಪಿಸಿದೆ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವಳು ಅಂಗೈ ತೋರಿಸಿದಳು. ಚರ್ಮ ಇನ್ನೂ ಸುಲಿಯುತ್ತಿತ್ತು.

“ಗ್ಲೌಸ್ ಹಾಕ್ಕೊಂಡು ನನ್ನ ಕೈಗೂ ಗುಳ್ಳಿ ಎದ್ದಿದ್ವು ಅಮ್ಮಾರ. ಹೇಳಿದ್ರ, ರೋಗ ಐತಿ ಅಂತ ಬಿಡಸ್ತೀರಿ ಅಂತ ಮುಚ್ಚಿಟ್ಕೊಂಡೆ.”

“ತಪ್ಪಾಯ್ತು ಶರಣವ್ವ.”

“ಮದ್ದು ಹಾಕ್ತಾಳ ಅಂತ ಓಣಿಗೆಲ್ಲಾ ಹೇಳಿದ್ರಿ. ಹಾಕಿಲ್ಲ ಅಂತ ನನ್ನೊಬ್ಬಾಕಿಗೆ ಹೇಳಾಕ ಬಂದೀರಿ. ನನಗ ಅದು ಮೊದ್ಲ ಗೊತ್ತಿತ್ತಲ್ರಿ.”

ಅವಳನ್ನು ಕರೆದುಕೊಂಡೇ ಬಂದು ರಮಾಳ ಗೇಟಿನ ಮುಂದೆ ನಿಂತೆ. ಗ್ಲೌಸು, ರಿಪೋರ್ಟು, ನನ್ನ ತಪ್ಪು, ಎಲ್ಲವನ್ನೂ ಬಿಡಿಸಿ ಹೇಳಿದೆ. ರಮಾ ತಲೆಯಾಡಿಸುತ್ತ ಕೇಳಿದಳು, ಚಿಲಕ ಮಾತ್ರ ತೆಗೆಯಲಿಲ್ಲ. ಕೊನೆಗೆ ಗೇಟಿನ ಮೇಲಿಂದ ನನ್ನತ್ತ ಬಾಗಿ, ಪಕ್ಕದಲ್ಲೇ ನಿಂತಿದ್ದ ಶರಣವ್ವನಿಗೂ ಕೇಳುವ ಪಿಸುದನಿಯಲ್ಲಿ ಹೇಳಿದಳು:

“ಲಕ್ಷ್ಮಿದೇವಮ್ಮನೋರೆ, ನೀವು ಇವತ್ತಿನವರೆಗೂ ಯಾರ ಪರವಾಗೂ ಮಾತಾಡಿದೋರಲ್ಲ. ದೊಡ್ಡ ಮದ್ದೇ ಹಾಕಿದ್ದಾಳೆ ಕಣ್ರೀ ನಿಮ್ಗೆ. ತೆಗೆಯೋರು ಒಬ್ರು ಅಬ್ಬಿಗೆರೆಲಿದ್ದಾರೆ, ನಾಳೆನೇ ಹೋಗೋಣ.”