ಒಂದು ಕೂದಲೆಳೆಯೂ ಹೆಚ್ಚಿಲ್ಲದ ಅಂಗಿ

ನನ್ನ ಮಾವ ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ತಕ್ಕಡಿ, ತೂಕದ ಬಟ್ಟು, ಎಣ್ಣೆಯ ಲೀಟರು, ಬಟ್ಟೆ ಅಂಗಡಿಯ ಮೀಟರ್ ಕೋಲು, ಯಾವುದೂ ಅವರ ಕಣ್ಣು ತಪ್ಪಿಸಿ ಬದುಕಿದ್ದಿಲ್ಲ. ನಿವೃತ್ತರಾದ ಮೇಲೆ ಆ ಕಣ್ಣು ನನ್ನ ಅಡುಗೆಮನೆಯ ಕಡೆ ತಿರುಗಿತು. ಲೋಟಕ್ಕೆ ಹಾಲು ಸುರಿದರೆ ಬಗ್ಗಿ ಮಟ್ಟ ನೋಡುತ್ತಾರೆ. ಇಂಥವರ ಜೊತೆ ಹನ್ನೆರಡು ವರ್ಷ ಬಾಳಿದ್ದೇನೆ, ನನಗೆ ಇದುವರೆಗೆ ಯಾರೂ ಪದಕ ಕೊಟ್ಟಿಲ್ಲ.

ಹೋದ ವರ್ಷ ಅವರ ಬಲಗೈಗೆ ಪಾರ್ಶ್ವವಾಯು ಹೊಡೆಯಿತು. ಜೀವಕ್ಕೆ ಏನೂ ಆಗಲಿಲ್ಲ, ನಾಲಿಗೆಗಂತೂ ಏನೇನೂ ಆಗಲಿಲ್ಲ. ಆದರೆ ತೋಳು ಭುಜದಿಂದ ಮೇಲೇಳದು, ಬೆರಳು ಗುಂಡಿ ಹಿಡಿಯದು. ಎಡಗೈಗೆ ಮೊದಲಿನಿಂದಲೂ ಸ್ವಲ್ಪ ನಡುಕ. ಹಾಗಾಗಿ ದಿನಾ ಬೆಳಿಗ್ಗೆ ಐದೂವರೆಗೆ, ಮೊದಲ ಬಸ್ಸಿನ ಡ್ರೈವರ್ ಆದ ನನ್ನ ಗಂಡ ಕೆಲಸಕ್ಕೆ ಹೊರಡುವ ಮುಂಚೆ, ಅಪ್ಪನಿಗೆ ಅಂಗಿ ತೊಡಿಸಿ ಗುಂಡಿ ಹಾಕಿ ಹೋಗುತ್ತಿದ್ದರು. ಆಮೇಲೆ ಮಾವ ಇಸ್ತ್ರಿ ಅಂಗಿಯಲ್ಲಿ ಕುರ್ಚಿಯ ಮೇಲೆ ಕೂತು, ಊರು ಏಳುವುದನ್ನು ಕಾಯುತ್ತಿದ್ದರು.

ಒಂದು ಮಂಗಳವಾರ ಗಂಡ ಬಂದು ಹೇಳಿದರು: ಹೊಸ ಬಸ್ಸು ಓಡಿಸುವ ತರಬೇತಿಗೆ ಭಾನುವಾರ ಸಂಜೆ ಬೇರೆ ಊರಿಗೆ ಹೋಗಬೇಕು, ಹತ್ತು ದಿನ.

ಮಾವನ ಮುಖ ಬಾಡಿತು. ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ.

"ಹತ್ತು ದಿನ ತಾನೇ, ನಾನು ಹಾಕ್ತೀನಿ ಬಿಡಿ."

"ಸೊಸೆ ಕೈಲಿ ಗುಂಡಿ ಹಾಕಿಸ್ಕೊಳ್ಳೋ ಕಾಲ ಬಂದ್ರೆ ನಂಗೆ ಅಂಗಿನೇ ಬೇಡ."

"ಬರೀ ಮೈಲಿ ಕೂತಿರ್ತೀರಾ?"

"ಭಾನುವಾರ ಅವನು ಹಾಕಿದ ಅಂಗಿನ ಅವನು ವಾಪಸ್ ಬರೋ ತನಕ ಬಿಚ್ಚಲ್ಲ. ಅದರಲ್ಲೇ ಮಲಗ್ತೀನಿ, ಅದರಲ್ಲೇ ಏಳ್ತೀನಿ."

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವರದು. ಹೇಳಿದ್ದನ್ನು ಮಾಡಿಯೇ ತೀರುತ್ತಾರೆ, ವಾಸನೆ ಕುಡಿಯಬೇಕಾದವಳು ನಾನು. ಗುಂಡಿಯ ಬದಲು ಅಂಟುವ, ಎಳೆದರೆ ಚರ್ರೆಂದು ಬಿಡುವ ಪಟ್ಟಿ ಇರುವ ಅಂಗಿ ಹೊಲಿಸೋಣ ಎಂದೆ. ಮಕ್ಕಳ ಶೂಗೆ ಇರುತ್ತದಲ್ಲ, ಅಂಥ ಪಟ್ಟಿ. ಒಂದೇ ಕೈಯಲ್ಲಿ ಒತ್ತಿದರೆ ಸಾಕು. ಮಾವ ಅದೂ ಬೇಡ ಎಂದರು. ದರ್ಜಿಗಳೆಲ್ಲ ಕೂತಿರುವುದು ಬಟ್ಟೆ ಅಂಗಡಿಗಳ ಜಗಲಿಯ ಮೇಲೆ. ಆ ಅಂಗಡಿಗಳಲ್ಲಿ ಮಾವನ ಕೈಯಿಂದ ದಂಡ ಬೀಳದ್ದು ಒಂದೂ ಇಲ್ಲ. ಅಂಥವರ ಮುಂದೆ ಜೋಲುವ ಕೈ ಹಿಡಿದುಕೊಂಡು ನಿಂತು ಅಳತೆ ಕೊಡುವುದಕ್ಕಿಂತ ಹತ್ತು ದಿನದ ವಾಸನೆಯೇ ಮೇಲು ಎನ್ನುವುದು ಅವರ ತೀರ್ಪು.

"ಹಾಗಾದ್ರೆ ನಾನೇ ಹೊಲೀತೀನಿ," ಎಂದುಬಿಟ್ಟೆ. ಅಲ್ಲಿಯವರೆಗೆ ನಾನು ಹೊಲಿದಿದ್ದು ದಿಂಬಿನ ಒಂದು ತೂತನ್ನು ಮಾತ್ರ, ಅದೂ ಮತ್ತೆ ಬಿಚ್ಚಿಕೊಂಡಿತ್ತು.

ಬುಧವಾರ ಮಾವ, ನಾನು ಇಬ್ಬರೂ ಹೊಲಿಗೆ ಮಿಷನ್ ಅಂಗಡಿಗೆ ಹೋದೆವು. ಅಂಗಡಿಯಾಕೆ ಕೊರಳಿಗೆ ಟೇಪು ನೇತುಹಾಕಿಕೊಂಡು, ತುಟಿಯ ಮಧ್ಯೆ ಎರಡು ಗುಂಡುಸೂಜಿ ಇಟ್ಟುಕೊಂಡೇ ಮಾತಾಡುವವಳು. ನಾನು ಕಣ್ಣರಳಿಸಿ ನೋಡುತ್ತಿದ್ದ ದೊಡ್ಡ ಮಿಷನ್ನಿನ ಮೇಲೆ ಮುಸುಕು ಎಳೆದಳು.

"ಅದರಲ್ಲಿ ಇನ್ನೂರು ಥರ ಹೂವಿನ ಹೊಲಿಗೆ ಇದೆ. ಮೊದಲನೇ ಸಲ ತಗೊಳ್ಳೋರಿಗೆ ಬೇಡ. ಹೂವು ನೋಡ್ತಾ ಕೂತುಬಿಡ್ತೀರಿ. ನೇರ ಹೊಲಿಗೆ, ಅಂಕುಡೊಂಕು ಹೊಲಿಗೆ, ಎರಡಿದ್ರೆ ಸಂಸಾರ ನಡೆಯುತ್ತೆ."

ಚಿಕ್ಕ ಮಿಷನ್ ಒಂದನ್ನು ಮುಂದಿಟ್ಟಳು. ಅದರ ಪಕ್ಕಕ್ಕೆ ಒಂದೊಂದಾಗಿ ಸಾಮಾನು ಬಂದವು. ಕೆಳದಾರ ಸುತ್ತುವ ಬಾಬಿನ್ನು ಹತ್ತು, ಸೂಜಿಯ ಪೊಟ್ಟಣ, ಸೀಮೆಸುಣ್ಣ, ಗುಂಡುಸೂಜಿ, ಅಂಟುವ ಪಟ್ಟಿಯ ಸುರುಳಿ, ಎಣ್ಣೆ. ಕತ್ತರಿ ಕೊಡುವಾಗ ಆಣೆ ಹಾಕಿಸಿಕೊಂಡಳು, ಇದರಲ್ಲಿ ಕಾಗದ ಕತ್ತರಿಸಿದರೆ ಮತ್ತೆ ಅವಳ ಅಂಗಡಿ ಮೆಟ್ಟಿಲು ಹತ್ತಬಾರದಂತೆ. ಮಂತ್ರಕ್ಕಿಂತ ಉಗುಳೇ ಜಾಸ್ತಿ ಆಯಿತಲ್ಲ ಎಂದುಕೊಂಡೆ. ಕೊನೆಗೆ ಕವಲಿನ ಬಾಯಿಯ ಸಣ್ಣ ಕಡ್ಡಿಯೊಂದನ್ನು ಎತ್ತಿ ತೋರಿಸಿದಳು.

"ಇದು ಹೊಲಿಗೆ ಬಿಚ್ಚೋದಕ್ಕೆ. ಮೊದಲ ತಿಂಗಳು ಮಿಷನ್‌ಗಿಂತ ಇದೇ ಜಾಸ್ತಿ ದುಡಿಯುತ್ತೆ. ನಾಚ್ಕೋಬೇಡಿ."

ಇಷ್ಟರಲ್ಲಿ ಮಾವ ಅಳತೆ ಟೇಪುಗಳ ಡಬ್ಬದ ಹತ್ತಿರ ತಲುಪಿದ್ದರು. ಜೇಬಿನಿಂದ ಸ್ಟೀಲಿನ ಸ್ಕೇಲು ಹೊರಬಂತು. ಒಂದೊಂದೇ ಟೇಪನ್ನು ಮೇಜಿನ ಮೇಲೆ ಹಾಸಿ, ಮೂಗು ತಾಗಿಸಿ ನೋಡಿ, ನಾಲ್ಕನ್ನು ಪಕ್ಕಕ್ಕೆ ತಳ್ಳಿದರು. "ಇವು ಮೀಟರಿಗೆ ಎರಡು ಮಿಲಿಮೀಟರು ಸುಳ್ಳು ಹೇಳ್ತಾವೆ." ಐದನೆಯದು ಪಾಸಾಯಿತು. ಅಂಗಡಿಯಾಕೆ ಗುಂಡುಸೂಜಿಗಳನ್ನು ಬಾಯಿಯಿಂದ ತೆಗೆದು, ಇವರು ಇನ್ನೂ ಸರ್ವೀಸಿನಲ್ಲಿದ್ದಾರಾ ಎಂದು ನನ್ನನ್ನು ಕೇಳಿದಳು. ನಮ್ಮನೆಯಲ್ಲಿ ಮಾತ್ರ ಎಂದೆ.

ಮಿಷನ್ನನ್ನು ಊಟದ ಮೇಜಿನ ಮೇಲೆ ಕೂರಿಸಿದೆವು. ಅದರ ಕೈಪಿಡಿ ಮಾವನ ಪಾಲಾಯಿತು. ಮೊದಲ ಪುಟದ ಮೊದಲ ಸಾಲಿನಿಂದ, ನೀರಿನಲ್ಲಿ ಮುಳುಗಿಸಬಾರದು ಎಂಬಲ್ಲಿಂದ, ಗಟ್ಟಿಯಾಗಿ ಓದತೊಡಗಿದರು. ನನಗೋ ಅವಸರ. ದಾರ ಪೋಣಿಸಿ, ಹಳೇ ದುಪ್ಪಟಿಯ ಚೂರು ಇಟ್ಟು ಕಾಲಡಿಯ ಪೆಡಲ್ ಒತ್ತಿದೆ. ಮಿಷನ್ ಗರ್ರೆಂದು ಒದರಿತು, ಬಟ್ಟೆಯ ಅಡಿಯಲ್ಲಿ ದಾರವೆಲ್ಲ ಗೂಡು ಕಟ್ಟಿಕೊಂಡಿತು. ಬಿಚ್ಚುವ ಕಡ್ಡಿ ತೆಗೆದೆ, ಬಿಡಿಸಿದೆ, ಮತ್ತೆ ಹೊಲಿದೆ, ಮತ್ತೆ ಗೂಡು. ಕುಣಿಯಲಾರದವಳು ನೆಲ ಡೊಂಕು ಎಂದಹಾಗೆ ದಾರವನ್ನು ಬೈದೆ, ಮೇಜನ್ನು ಬೈದೆ, ಅಂಗಡಿಯಾಕೆಯನ್ನೂ ಬೈದೆ. ಸಂಜೆ ಹೊತ್ತಿಗೆ ಮಾವ ಪುಟ ತಿರುಗಿಸಿ, ಹೊಲಿಯುವ ಮುಂಚೆ ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ನಿನ ಪಾದವನ್ನು ಇಳಿಸಬೇಕು ಎಂದು ಓದಿದರು.

"ಇದನ್ನ ಮೊದಲೇ ಹೇಳೋದಲ್ವಾ?"

"ಅದು ಇರೋದು ಹದಿನಾಲ್ಕನೇ ಪುಟದಲ್ಲಿ. ಪುಟ ಹಾರಿಸೋ ಅಭ್ಯಾಸ ನನಗಿಲ್ಲ."

ಪಾದ ಇಳಿಸಿದೆ. ಹೊಲಿಗೆ ಸಾಲಾಗಿ, ಮುದ್ದಾಗಿ ಬಂತು. ಮಾವ ಅದರ ಮೇಲೆ ಸ್ಕೇಲು ಇಟ್ಟು ನೋಡಿದರು. ನಿಜ ಹೇಳಬೇಕೆಂದರೆ ನನಗೆ ಬಹಳ ಖುಷಿಯಾಯಿತು.

ಗುರುವಾರ ಅಳತೆ. ಬಟ್ಟೆಗೆ ಬೀರುವಿನಲ್ಲಿ ಮದುವೆ ಮನೆಗಳ ಉಡುಗೊರೆ ಬೇಕಾದಷ್ಟಿತ್ತು. ಎದೆಯ ಸುತ್ತ ತೊಂಬತ್ತಾರು ಸೆಂಟಿಮೀಟರು. ಸೀಮೆಸುಣ್ಣದಲ್ಲಿ ಗೆರೆ ಎಳೆಯುವಾಗ ನನಗೆ ಒಳಗೊಳಗೇ ಅನುಮಾನ.

"ಸ್ವಲ್ಪ ಜಾಸ್ತಿ ಇಟ್ಕೊಂಡು ಕತ್ತರಿಸೋಣ್ವಾ?"

"ಸ್ವಲ್ಪ ಅನ್ನೋದು ಯಾವ ಅಳತೆ? ಹಾಲಿಗೆ ಸ್ವಲ್ಪ ನೀರು, ಅಕ್ಕಿಗೆ ಸ್ವಲ್ಪ ಕಲ್ಲು. ಈ ಸ್ವಲ್ಪಾನ ಹಿಡಿಯೋದ್ರಲ್ಲೇ ನನ್ನ ಆಯಸ್ಸು ಹೋಯ್ತು. ತೊಂಬತ್ತಾರು ಅಂದ್ರೆ ತೊಂಬತ್ತಾರು."

ಕತ್ತರಿ ಗೆರೆಯ ಮೇಲೇ ನಡೆಯುತ್ತಿದೆಯೇ ಎಂದು ಪಕ್ಕದಲ್ಲೇ ನಿಂತು ನೋಡಿದರು. ಒಂದು ಕೂದಲೆಳೆ ಆಚೆ ಹೋಗಲು ಬಿಡಲಿಲ್ಲ.

ಶುಕ್ರವಾರ ಸಂಜೆ ಅಂಗಿ ಮುಗಿಯಿತು. ಗಂಡ ಕೆಲಸದಿಂದ ಬಂದು ಅಪ್ಪನಿಗೆ ತೊಡಿಸಿ ನೋಡಿದರು. ಒಂದು ತೋಳು ಹೋಯಿತು. ಎರಡನೆಯದನ್ನು ತಳ್ಳಿ, ಎಳೆದು, ಹೇಗೋ ಹತ್ತಿಸಿದರು. ಎದೆಯ ಎರಡು ಅಂಚುಗಳು ಮಾತುಬಿಟ್ಟ ಓರಗಿತ್ತಿಯರ ಹಾಗೆ ಒಂದೊಂದು ಕಡೆ ನಿಂತವು. ಮಾವನ ಭುಜಗಳು ಕಿವಿಗೆ ಬಂದಿದ್ದವು. ಇನ್ನು ತೆಗೆಯೋಣವೆಂದರೆ ಅಂಗಿ ಬಿಡಲೊಲ್ಲದು. ಗಂಡ ಬೆನ್ನ ಹಿಂದೆ ನಿಂತು ನಗು ತಡೆಯಲಾರದೆ ಕೆಮ್ಮತೊಡಗಿದರು. ಕೊನೆಗೆ ಮಾವ ನಿಂತ ಹಾಗೇ ಎರಡು ಪಕ್ಕದ ಹೊಲಿಗೆಯನ್ನು ಬಿಚ್ಚುವ ಕಡ್ಡಿಯಲ್ಲಿ ಕೊಯ್ದು ಅವರನ್ನು ಹೊರಗೆ ತೆಗೆದೆವು.

ತಕ್ಷಣ ತನಿಖೆ ಶುರುವಾಯಿತು. ಮಾವ ಅಂಗಿಯ ಚೂರುಗಳನ್ನು ಹಾಸಿ ಅಳೆದರು. ಬಟ್ಟೆ ತೊಂಬತ್ತಾರೇ ಇದೆ. ಹೊಲಿದ ಗುರುತಿನಿಂದ ಗುರುತಿಗೆ ಅಳೆದರೆ ಎಂಬತ್ತಾರು. ಹತ್ತು ಸೆಂಟಿಮೀಟರು ಕಾಣೆ. ಪ್ರತಿ ಹೊಲಿಗೆಯ ಒಳಗೆ ಮಡಚಿಕೊಂಡ ಅಂಚು, ಪಟ್ಟಿ ಒಂದರ ಮೇಲೊಂದು ಕೂರುವ ಜಾಗ, ಎಲ್ಲ ಕೂಡಿಸಿದಾಗ ಲೆಕ್ಕ ಸಿಕ್ಕಿತು. ಕಳ್ಳ ಯಾರೂ ಇರಲಿಲ್ಲ. ಇಬ್ಬರು ಪ್ರಾಮಾಣಿಕ ಮೂರ್ಖರಿದ್ದೆವು.

ನಾನು ನಗಲು ಹೊರಟವಳು ಮಾವನ ಮುಖ ನೋಡಿ ನಿಲ್ಲಿಸಿದೆ. ಅವರು ಮಗ ಒಳಗೆ ಹೋಗುವವರೆಗೆ ಕಾದು, ಮೆಲ್ಲಗೆ ಹೇಳಿದರು: "ದಿನಾ ಬೆಳಿಗ್ಗೆ ಅವನು ಗುಂಡಿ ಹಾಕುವಾಗ ನಾನು ಗೋಡೆ ನೋಡ್ತಾ ನಿಲ್ತೀನಿ ಕಣಮ್ಮ. ಅವನಿಗೆ ಹೊತ್ತಾಗಿರುತ್ತೆ, ತೋರಿಸ್ಕೊಳ್ಳಲ್ಲ. ನಂಗೆ ಗೊತ್ತಾಗುತ್ತೆ." ಹನ್ನೆರಡು ವರ್ಷದಲ್ಲಿ ಅವರು ನನ್ನನ್ನು ಕಣಮ್ಮ ಎಂದದ್ದು ಅದೇ ಮೊದಲು.

ಶನಿವಾರ ಎರಡನೇ ಅಂಗಿಗೆ ಕೂತೆ. ಎಷ್ಟು ಹೆಚ್ಚಿಗೆ ಇಟ್ಟೆ ಎಂದು ಮಾವ ಎರಡು ಸಲ ಕೇಳಿದರು. ಹೊಲಿಗೆಯಲ್ಲಿ ಹೋಗುವ ಹತ್ತು, ಮೈಗೆ ಸಡಿಲ ಇರಲಿ ಎಂದು ಎರಡೂವರೆ ಎಂದೆ. ಅದು ಹಸೀ ಸುಳ್ಳು. ಅವರು ಆ ಕಡೆ ತಿರುಗಿದಾಗ ಪ್ರತಿ ಪಕ್ಕಕ್ಕೂ ನಾಲ್ಕು ನಾಲ್ಕು ಬೆರಳು ಇಟ್ಟು ಗೆರೆ ಎಳೆದಿದ್ದೆ, ಟೇಪನ್ನು ಮುಟ್ಟಲೂ ಇಲ್ಲ. ತೋಳಿನ ಕಂಕುಳನ್ನು ಇನ್ನೂ ಅಗಲ ಮಾಡಿದೆ. ಒಳಗೆ ಅಂಟುವ ಪಟ್ಟಿ, ಹೊರಗೆ ಸುಮ್ಮನೆ ಶೋಕಿಗೆ ಆರು ಗುಂಡಿ. ದಾರಿಯಲ್ಲಿ ಹೋಗುವವರಿಗೆ ಏನೂ ತಿಳಿಯಬಾರದು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಇಸ್ತ್ರಿ ಮಾಡಿ ಅವರ ಕೋಣೆಯ ಕುರ್ಚಿಗೆ ಹಾಕಿದೆ. ಸಂಜೆ ಗಂಡ ಊರಿಗೆ ಹೊರಟರು. ಹೊರಡುವಾಗ ನನ್ನ ಮುಖ, ಅಪ್ಪನ ಮುಖ ನೋಡಿ, ಬ್ಯಾಗು ಹೆಗಲಿಗೆ ಹಾಕಿಕೊಂಡರು.

ಸೋಮವಾರ ಬೆಳಿಗ್ಗೆ ಐದೂವರೆಗೆ ಮಾವನ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಒಳಗಿಂದ ಚರ್ ಎಂದಿತು. ಸ್ವಲ್ಪ ಹೊತ್ತು ಸದ್ದಿಲ್ಲ. ಮತ್ತೆ ಚರ್. ಅಂಟಿಸುವುದು, ತಪ್ಪಾಗುವುದು, ಕೀಳುವುದು. ಹಾಲು ಉಕ್ಕಿ ಒಲೆಗೆ ಹೋದರೂ ನಾನು ನಡುಮನೆಯಲ್ಲಿ ಸೌಟು ಹಿಡಿದು ನಿಂತಿದ್ದೆ. ಏನೋ ದೊಪ್ಪೆಂದು ಬಿತ್ತು.

"ಏನಾಯ್ತು ಮಾವ?"

"ಕುರ್ಚಿ. ಅದಕ್ಕೇನೂ ಆಗಿಲ್ಲ. ನೀನು ಒಳಗೆ ಬರಬೇಡ."

ಹೋಗಲಿಲ್ಲ. ಬಾಗಿಲ ಚಿಲಕದ ಮೇಲೆ ಕೈ ಇಡದೆ ನಿಲ್ಲುವುದು ಅಂಗಿ ಹೊಲಿಯುವುದಕ್ಕಿಂತ ಕಷ್ಟ ಎಂದು ಅವತ್ತು ಗೊತ್ತಾಯಿತು. ಅರ್ಧ ಗಂಟೆಯಾದ ಮೇಲೆ ಬಾಗಿಲು ತೆರೆಯಿತು.

ಆ ಅಂಗಿಯೊಳಗೆ ಇನ್ನೂ ಅರ್ಧ ಇನ್‌ಸ್ಪೆಕ್ಟರು ಹಿಡಿಯುತ್ತಿದ್ದರು. ಮಾವ ಎಡಗೈಯಲ್ಲಿ ಪಕ್ಕದ ಸಡಿಲವನ್ನು ಹಿಡಿದು ತೋರಿಸಿದರು.

"ಇದು ಎರಡೂವರೆ ಅಲ್ಲ."

"ಅಲ್ಲ."

"ಸುಳ್ಳು ಅಳತೆ ಹೇಳಿದೀಯ."

"ಹೌದು."

ಮಾವ ಹಿಡಿದಿದ್ದ ಸಡಿಲವನ್ನು ಬಿಟ್ಟರು. "ಜಾಸ್ತಿ ಕೊಟ್ಟು ಸಿಕ್ಕಿಬಿದ್ದವರನ್ನ ನಾನು ಸರ್ವೀಸಲ್ಲಿ ನೋಡೇ ಇಲ್ಲ. ಇದಕ್ಕೆ ಯಾವ ಸೆಕ್ಷನ್ ಹಾಕಬೇಕೋ ಗೊತ್ತಿಲ್ಲ," ಎಂದು ಚಪ್ಪಲಿ ಮೆಟ್ಟಿದರು.

ಆಗ ನೋಡಿದೆ. ಪಟ್ಟಿಯನ್ನು ಮೇಲೆ ಕೆಳಗೆ ಮಾಡಿ ಅಂಟಿಸಿಕೊಂಡಿದ್ದರು. ಅಂಗಿಯ ಒಂದು ಅಂಚು ಎರಡು ಬೆರಳು ಕೆಳಗಿಳಿದಿತ್ತು, ಕಾಲರು ಒಂದು ಕಡೆ ಕೆನ್ನೆ ಮುಟ್ಟುತ್ತಿತ್ತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಮಾವ ಒಂದು ಹೆಜ್ಜೆ ಹಿಂದೆ ಸರಿದರು.

"ಸೊಟ್ಟ ಇದೆ ಮಾವ, ಸರಿ ಮಾಡ್ತೀನಿ."

"ಮುಟ್ಟಬೇಡ," ಎಂದರು. "ಸೊಟ್ಟ ಇರೋದು ನಂಗೂ ಗೊತ್ತು. ಹಾಕ್ಕೊಂಡಿದ್ದು ನಾನು."

ಹಾಗೆಂದು ಬಾಗಿಲು ತೆರೆದು, ಮಗನ ಬಸ್ಸಿಲ್ಲದ ಬೀದಿಗೆ ಇಳಿದು, ಬಟ್ಟೆ ಅಂಗಡಿಗಳಿರುವ ಕಡೆಗೇ ನಡೆದರು.